ಮಳೆಯ ಮುನ್ಸೂಚನೆಯೂ ನಮ್ಮ ಐದು ತಾಲ್ಲೂಕುಗಳೂ

ಮಾಘಮಾಸದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಹಡಗಲಿ ತಾಲ್ಲೂಕಿನ ಮೈಲಾರದ ಗೊರವಯ್ಯನವರು ಬಿಲ್ಲನ್ನೇರಿ ಒಂದೇ ಒಂದು ವಾಕ್ಯದ ಕಾರ್ಣಿಕವನ್ನು ನುಡಿಯುತ್ತಾರೆ. ಲಕ್ಷಾಂತರ ಜನರು ಅದನ್ನು ನಿಶ್ಶಬ್ದವಾಗಿ ಆಲಿಸಿ, ಮಳೆಬೆಳೆಯ ಅರ್ಥವನ್ನು ತಮ್ಮ ತಮ್ಮೊಳಗೆ ಚರ್ಚಿಸುತ್ತ ಊರಿಗೆ ಮರಳುತ್ತಾರೆ. ಅನಂತರ ಯುಗಾದಿಯ ಪಂಚಾಂಗ ಶ್ರವಣ; ಅದರ ಬೆನ್ನಿಗೇ, ಏಪ್ರಿಲ್ ತಿಂಗಳ ಮಧ್ಯದ ಹೊತ್ತಿಗೆ, ಭಾರತ ಹವಾಮಾನ ಇಲಾಖೆಯವರ ಮುಂಗಾರಿನ ಅಂದಾಜು. ಹೀಗೆ ವಸಂತಕಾಲವು ಮುಗಿಯುವುದರೊಳಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಕ್ಕಲಿಗನ ಕಿವಿಗೆ ಮೂರು ಮುನ್ಸೂಚನೆಗಳು ಬಿದ್ದಿರುತ್ತವೆ. ಆದರೆ ಕೃತ್ತಿಕೆಯಲ್ಲಿಯೋ ರೋಹಿಣಿಯಲ್ಲಿಯೋ ಮೊದಲ ಮಳೆ ಬಿದ್ದ ಮರುದಿನ, ಬೀಜದ ಚೀಲವನ್ನು ಬಿಚ್ಚಬೇಕೋ ಕಟ್ಟಿಡಬೇಕೋ ಎಂಬ ಪ್ರಶ್ನೆಗೆ ಈ ಮೂರರಲ್ಲಿ ಯಾವುದೊಂದೂ ನೇರವಾದ ಉತ್ತರವನ್ನು ಕೊಡುವುದಿಲ್ಲ. ಈ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ಯುಕ್ತವೆಂದು ನಮಗೆ ತೋರುತ್ತದೆ.

ಮೊದಲು ನಮ್ಮ ನೆಲದ ಸ್ಥಿತಿಯನ್ನು ತಿಳಿಯಬೇಕು. ಜೂನ್ ಆರಂಭದಲ್ಲಿ ಮುಂಗಾರು ಮಾರುತವು ಕಾರವಾರ, ಹೊನ್ನಾವರಗಳ ಕಡಲತೀರವನ್ನು ಮುಟ್ಟಿದೊಡನೆ ನಾಡಿನಲ್ಲೆಲ್ಲ ಮಳೆಗಾಲ ಬಂದಿತೆಂಬ ಸುದ್ದಿ ಹಬ್ಬುತ್ತದೆ. ಆ ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ನಮಗಾದರೋ ಸುಮಾರು 600 ಮಿಲಿಮೀಟರು ಮಾತ್ರ. ಪಡುವಣ ಗಾಳಿಯು ತನ್ನ ನೀರನ್ನು ಸಹ್ಯಾದ್ರಿಯ ಮೇಲೆಯೇ ಸುರಿದು, ಬರಿಗೈಯಲ್ಲಿ ನಮ್ಮ ಕಡೆಗೆ ಇಳಿದುಬರುತ್ತದೆ. ಜುಲೈಯಲ್ಲಿ ಮಲೆನಾಡಿನ ಮಳೆಯಿಂದ ತುಂಗಭದ್ರೆಯು ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ಕೆಂಪಾಗಿ ತುಂಬಿ ಹರಿಯುತ್ತಿರುವಾಗ, ನದಿಯಿಂದ ಕೆಲವೇ ಹರಿದಾರಿ ದೂರದ ಹೊಲವು ಒಣಗಾಳಿಗೆ ಧೂಳೆಬ್ಬಿಸುತ್ತಿರುವುದು ಇಲ್ಲಿ ಹೊಸ ನೋಟವೇನೂ ಅಲ್ಲ. ನಮಗೆ ಹೆಚ್ಚಿನ ಮಳೆ ದೊರೆಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಅದೂ ಬಹುಮಟ್ಟಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಕೃಪೆಯಿಂದ. ಆದುದರಿಂದ ಕರಾವಳಿಯ ಹರ್ಷವನ್ನು ನಮ್ಮ ಹರ್ಷವೆಂದು ತಿಳಿದು ಬಿತ್ತುವವನು ಮೋಸಹೋಗುತ್ತಾನೆ.

ವಸಂತದ ಮಳೆಯ ಗುಣವೇ ಬೇರೆ. ಬಿಸಿಲಿಗೆ ಕಾದ ಬಯಲಿನ ಗಾಳಿಯು ಮೇಲೇರಿ, ಕಡಲ ಕಡೆಯಿಂದ ಬಂದ ತೇವವನ್ನು ಕೂಡಿಕೊಂಡು, ಮಧ್ಯಾಹ್ನದ ಮೇಲೆ ಮೋಡಗಟ್ಟುತ್ತದೆ. ಮೊದಲು ಬಿರುಗಾಳಿ, ಆಮೇಲೆ ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು; ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯಿತು. ಒಂದೂರಿನ ಕೆರೆಯಂಗಳ ನೆನೆದಿದ್ದರೆ ಪಕ್ಕದೂರಿನ ದಾರಿಯಲ್ಲಿ ಧೂಳೂ ಅಡಗಿರುವುದಿಲ್ಲ. ಈ ಮಳೆಯು ಉಳುಮೆಗೆ ಉಪಕಾರಿ, ದನಕರುಗಳ ಮೇವಿಗೆ ಉಪಕಾರಿ; ಆದರೆ ಮುಂಗಾರಿನ ಜಾಮೀನು ಮಾತ್ರ ಅಲ್ಲ. ಎರೆಯ ಭೂಮಿಯು ಕುಡಿದ ನೀರನ್ನು ಬಹುದಿನ ಹಿಡಿದಿಟ್ಟುಕೊಳ್ಳುತ್ತದೆ. ಕೂಡ್ಲಿಗಿ, ಕೊಟ್ಟೂರುಗಳ ಮಸಾರಿಯಾದರೋ ಎಂಟೇ ದಿನಗಳ ಬಿಸಿಲಿಗೆ ಒಣಗಿ ಬಿರುಸಾಗುತ್ತದೆ. ಅಲ್ಲಿ ಅವಸರಪಟ್ಟು ಬಿತ್ತಿದ ಶೇಂಗಾವಾಗಲಿ ಮೆಕ್ಕೆಜೋಳವಾಗಲಿ ಮೊಳೆತು ಬಾಡಿದರೆ, ಎರಡನೆಯ ಬಿತ್ತನೆಗೆ ಸಾಲವೇ ಗತಿ. ಬೆಳೆ ಬಾರದೆ ಕೆಟ್ಟವರಷ್ಟೇ ಅಲ್ಲ, ಎರಡು ಸಲ ಬಿತ್ತಿ ಕೆಟ್ಟವರೂ ನಮ್ಮಲ್ಲಿ ಉಂಟು.

ಮುನ್ಸೂಚನೆಯ ಶಾಸ್ತ್ರಕ್ಕೂ ನಮ್ಮ ಸೀಮೆಗೂ ಹಳೆಯ ಋಣಾನುಬಂಧವಿದೆ. 1876-78ರ ಘೋರ ಕ್ಷಾಮದಲ್ಲಿ, ಮದರಾಸು ಆಧಿಪತ್ಯಕ್ಕೆ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯು ಅತ್ಯಂತ ನೊಂದ ಜಿಲ್ಲೆಗಳಲ್ಲಿ ಒಂದು. ಆ ಕ್ಷಾಮದ ಪಾಠದಿಂದಲೇ ಸರ್ಕಾರವು ಮಳೆಯನ್ನು ಮುಂಚಿತವಾಗಿ ಅರಿಯುವ ಉಪಾಯವನ್ನು ಹುಡುಕತೊಡಗಿತು. 1875ರಲ್ಲಿ ಸ್ಥಾಪಿತವಾಗಿದ್ದ ಹವಾಮಾನ ಇಲಾಖೆಯ ಬ್ಲಾನ್‌ಫರ್ಡರು ಹಿಮಾಲಯದ ಹಿಮವನ್ನು ಆಧಾರವಾಗಿಟ್ಟುಕೊಂಡು 1886ರಲ್ಲಿ ಮೊದಲ ಕ್ರಮಬದ್ಧ ಮುನ್ಸೂಚನೆಯನ್ನು ಹೊರಡಿಸಿದರು. ಮುಂದೆ ಗಿಲ್ಬರ್ಟ್ ವಾಕರರು ದೂರದ ಸಾಗರಗಳ ಮೇಲಿನ ವಾಯುಭಾರಕ್ಕೂ ನಮ್ಮ ಮಳೆಗೂ ಇರುವ ನಂಟನ್ನು ತೋರಿಸಿದರು. ಎಲ್ ನಿನೊ ಎಂಬ ಹೆಸರು ಇಂದು ಹಳ್ಳಿಯ ಚಹದಂಗಡಿಯಲ್ಲಿಯೂ ಕೇಳಿಬರುತ್ತಿದೆ. ನೊಂದವರ ಕಣ್ಣೀರಿನಿಂದ ಹುಟ್ಟಿದ ಶಾಸ್ತ್ರವು ನೊಂದವರ ಹೊಲದ ಬದುವಿನವರೆಗೂ ಬಂದು ತಲುಪಬೇಕಾದುದು ನ್ಯಾಯವಲ್ಲವೆ?

ಅದು ಪೂರ್ತಿಯಾಗಿ ತಲುಪಿಲ್ಲವೆಂಬುದಕ್ಕೆ 2023ನೆಯ ವರ್ಷವೇ ಸಾಕ್ಷಿ. ಆ ಏಪ್ರಿಲಿನಲ್ಲಿ ಇಲಾಖೆಯವರು ದೇಶದ ಸರಾಸರಿಯ ಶೇಕಡಾ 96ರಷ್ಟು ಮಳೆಯನ್ನು ಅಂದಾಜು ಮಾಡಿದರು. ಬಂದುದು ಶೇಕಡಾ 94. ಲೆಕ್ಕದ ದೃಷ್ಟಿಯಿಂದ ಇದು ದೊಡ್ಡ ತಪ್ಪೇನೂ ಅಲ್ಲ. ಆದರೆ ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶವು ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ದೇಶದ ಸರಾಸರಿ ಸರಿಯಿತ್ತು, ರೈತನ ಹೊಲ ಒಣಗಿತ್ತು. ಸರಾಸರಿಯೆಂಬುದು ಸರ್ಕಾರದ ಆಯವ್ಯಯಕ್ಕೆ ಬೇಕಾದ ಸಾಮಗ್ರಿ. ಬಿತ್ತುವವನಿಗೆ ಬೇಕಾದುದು, ಎರಡು ಮಳೆಗಳ ನಡುವೆ ಎಷ್ಟು ದಿನ ಬಿಸಿಲು ಎಂಬ ತಿಳಿವಳಿಕೆ. ಇದನ್ನು ತಿಂಗಳುಗಟ್ಟಲೆ ಮೊದಲು ಹೇಳಲು ಯಾವ ಶಾಸ್ತ್ರಕ್ಕೂ ಸಾಧ್ಯವಾಗಿಲ್ಲ; ಐದಾರು ದಿನಗಳ ಮಟ್ಟಿಗೆ ತಕ್ಕಮಟ್ಟಿಗೆ ಹೇಳಬಹುದಾಗಿದೆ.

ಹೀಗಿರುವಲ್ಲಿ ಸಾಧನಗಳ ಅಭಾವವಿದೆಯೆಂದು ಯಾರೂ ಹೇಳುವಂತಿಲ್ಲ. 1988ರಲ್ಲಿ ಬರ ಮೇಲ್ವಿಚಾರಣಾ ಘಟಕವಾಗಿ ಆರಂಭವಾದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ತಾನೇ ವರದಿ ಕಳುಹಿಸುವ ಮಳೆಮಾಪಕಗಳನ್ನು ನೆಡಿಸಿದೆ. ‘ವರುಣಮಿತ್ರ’ವೆಂಬ ದೂರವಾಣಿ ಸೇವೆಯನ್ನೂ ಏರ್ಪಡಿಸಿದೆ. ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ಯುಂಟು. ಆದರೆ ತನ್ನ ಊರಿನ ಮಾಪಕವು ನಿನ್ನೆ ಎಷ್ಟು ಮಳೆಯನ್ನು ಅಳೆಯಿತೆಂಬುದು ಆ ಊರಿನ ರೈತನಿಗೆ ತಿಳಿಯದೆ ದೂರದ ಬೆಂಗಳೂರಿಗೆ ಮಾತ್ರ ತಿಳಿದರೆ, ಅದರಿಂದ ಆದ ಪ್ರಯೋಜನವೇನು? ಪ್ರತಿಯೊಂದು ಪಂಚಾಯಿತಿಯ ಗೋಡೆಯ ಹಲಗೆಯ ಮೇಲೆ ನಿನ್ನೆಯ ಮಳೆಯನ್ನೂ ಮುಂದಿನ ಐದು ದಿನಗಳ ಅಂದಾಜನ್ನೂ ಸೀಮೆಸುಣ್ಣದಿಂದ ದಿನವೂ ಬರೆಯತಕ್ಕದ್ದು. ಬೀಜ ವಿತರಿಸುವ ರೈತ ಸಂಪರ್ಕ ಕೇಂದ್ರದವರು ಚೀಲವನ್ನು ಕೊಡುವಾಗಲೇ, ಇಷ್ಟು ಹದವಾಗದೆ ಬಿತ್ತಬೇಡಿರೆಂದು ಹೇಳತಕ್ಕದ್ದು. ಇದಕ್ಕೆ ಹೊಸ ಇಲಾಖೆಯೂ ಬೇಡ, ದೊಡ್ಡ ಹಣವೂ ಬೇಡ; ಕರ್ತವ್ಯದಲ್ಲಿ ಶ್ರದ್ಧೆಯೊಂದಿದ್ದರೆ ಸಾಕು.

ನಮ್ಮ ರೈತಬಾಂಧವರಿಗೂ ಒಂದು ಮಾತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದ ಹಿರಿಯರೇ, ಗುದ್ದಲಿಯಿಂದ ನೆಲವನ್ನು ಅಗೆದು ಗೇಣುದ್ದ ತೇವವಿದೆಯೆಂದು ಕಣ್ಣಾರೆ ನೋಡದೆ ಕೂರಿಗೆಯನ್ನು ಹೂಡುತ್ತಿರಲಿಲ್ಲ. ಇರುವ ಹೊಲವನ್ನೆಲ್ಲ ಒಂದೇ ಬೆಳೆಗೆ ಒಡ್ಡದೆ ಸಜ್ಜೆ, ನವಣೆ, ತೊಗರಿಗಳಿಗೂ ಸಾಲುಗಳನ್ನು ಬಿಡುತ್ತಿದ್ದರು. ಕೆರೆಯ ಹೂಳನ್ನು ವಸಂತದಲ್ಲಿಯೇ ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಇಂದು ದೇಶದೇಶಗಳ ಹಕ್ಕಿಗಳಿಗೆ ಆಶ್ರಯವಾಗಿ, 2024ರಲ್ಲಿ ರಾಮ್ಸಾರ್ ಪಟ್ಟಿಯನ್ನು ಸೇರಿದೆ. ನೀರು ನಿಂತಲ್ಲಿ ಜೀವವು ತಾನಾಗಿಯೇ ಬಂದು ನೆಲೆಸುತ್ತದೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ. ಮಳೆಯು ಯಾವಾಗ ಬರುವುದೆಂಬುದು ನಮ್ಮ ಅಧೀನವಲ್ಲ. ಬಂದ ಮಳೆಯನ್ನು ಅಳೆಯುವುದು, ನಿಲ್ಲಿಸಿಕೊಳ್ಳುವುದು, ಹದವರಿತು ಬಿತ್ತುವುದು, ಈ ಮೂರು ಮಾತ್ರ ಪೂರ್ಣವಾಗಿ ನಮ್ಮ ಅಧೀನ. ಈ ವಸಂತದಲ್ಲಿ ಸರ್ಕಾರವೂ ಜನತೆಯೂ ತಮ್ಮ ತಮ್ಮ ಪಾಲಿನದನ್ನು ಮಾಡಲಿ.