ವಯಸ್ಕರಿಗೆ ಕುದುರೆ ಸವಾರಿ ಕಲಿಕೆ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮೈಸೂರಿಗೆ ಅಶ್ವದಳದ ದೀರ್ಘ ಪರಂಪರೆಯಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ವಶಪಡಿಸಿಕೊಂಡ ಕಾರ್ಯಾಚರಣೆಯಲ್ಲಿ ಜೋಧಪುರದ ಸವಾರರೊಂದಿಗೆ ಮೈಸೂರು ಲ್ಯಾನ್ಸರ್ಸ್ ಪಡೆಯೂ ಭಾಗವಹಿಸಿತ್ತು. ಇಂದಿಗೂ ದಸರಾ ಮೆರವಣಿಗೆ ಹಾಗೂ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅಶ್ವಾರೋಹಿ ಪೊಲೀಸರನ್ನು ಕಾಣಬಹುದಾಗಿದೆ. ಆದರೆ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ನಿತ್ಯದ ಒಡನಾಡಿ ಎತ್ತೇ ಹೊರತು ಕುದುರೆಯಲ್ಲ. ಈ ಭಾಗದವರು ಸವಾರಿ ಕಲಿಯಲು ಸಾಮಾನ್ಯವಾಗಿ ಮೈಸೂರು ನಗರಕ್ಕೆ ಹೋಗಬೇಕಾಗುತ್ತದೆ. ಬಾಲ್ಯದಲ್ಲಿ ಕುದುರೆಯ ಒಡನಾಟವಿಲ್ಲದೆ ವಯಸ್ಕರಾದ ನಂತರ ಕಲಿಯಬಯಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಪರವಾನಗಿ ಮತ್ತು ಅರ್ಹತೆ

ಮೋಟಾರು ವಾಹನ ಚಾಲನೆಗೆ ಇರುವಂತೆ ಕುದುರೆ ಸವಾರನಿಗೆ ಚಾಲನಾ ಪರವಾನಗಿಯ ಅವಶ್ಯಕತೆ ಇರುವುದಿಲ್ಲ. ಪರೀಕ್ಷೆಯಾಗಲಿ ಕಲಿಕಾ ಪತ್ರವಾಗಲಿ ಇಲ್ಲದಿರುವುದರಿಂದ, ಹಣ ಪಾವತಿಸುವ ಮುನ್ನ ಕುದುರೆಯನ್ನೂ ಕಲಿಸುವ ಕ್ರಮವನ್ನೂ ಪರಿಶೀಲಿಸುವುದು ಕಲಿಯುವವರದೇ ಜವಾಬ್ದಾರಿಯಾಗಿರುತ್ತದೆ.

ಸವಾರಿ ಕಲಿಯಲು ಇಂತಿಷ್ಟೇ ವಯಸ್ಸು ಎಂಬ ಮಿತಿಯಿಲ್ಲ. ಆದರೆ ಬೆನ್ನುಮೂಳೆಯ ತೊಂದರೆ, ಮೂಳೆಸವೆತ, ಮೂರ್ಛೆರೋಗ, ಹೃದ್ರೋಗ ಅಥವಾ ರಕ್ತದೊತ್ತಡ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಕುದುರೆ ಏರಬಾರದು. ಲಾಯದ ಮಣ್ಣು ಮತ್ತು ಲದ್ದಿಯಿಂದ ಗಾಯಗಳಿಗೆ ಧನುರ್ವಾಯು ಸೋಂಕು ತಗಲುವ ಸಂಭವವಿರುವುದರಿಂದ ನಿರೋಧಕ ಚುಚ್ಚುಮದ್ದನ್ನು ಮೊದಲೇ ಪಡೆದಿರತಕ್ಕದ್ದು.

ಎತ್ತಿಗೂ ಕುದುರೆಗೂ ಇರುವ ವ್ಯತ್ಯಾಸ

ಗಾಡಿ ಹೊಡೆದು ಬಲ್ಲವರಿಗೂ, ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಎತ್ತುಗಳನ್ನು ಪರೀಕ್ಷಿಸಿ ಕೊಂಡವರಿಗೂ ಪ್ರಾಣಿಯ ಭಯ ಕಡಿಮೆ. ಇದು ಒಳ್ಳೆಯ ಆರಂಭವೇ ಆದರೂ ಕುದುರೆಯ ಸ್ವಭಾವ ಬೇರೆ. ಬೆದರಿದ ಕೂಡಲೇ ಓಡಿ ಪಾರಾಗುವುದು ಅದರ ಹುಟ್ಟುಗುಣ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ. ನೇರ ಹಿಂಭಾಗ ಮತ್ತು ಮೂತಿಯ ಮುಂದಿನ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಆದ್ದರಿಂದ ಸದಾ ಎಡಭುಜದ ಕಡೆಯಿಂದ, ಮಾತನಾಡಿಸುತ್ತಾ ಸಮೀಪಿಸಬೇಕು.

ಎತ್ತನ್ನು ಮೂಗುದಾರದಿಂದ ಹಿಡಿಯಲಾಗುತ್ತದೆ. ಕುದುರೆಯ ಕಡಿವಾಣವು ಬಾಯಿಯೊಳಗೆ ಹಲ್ಲುಗಳಿಲ್ಲದ ಒಸಡಿನ ಮೇಲೆ ಕುಳಿತಿರುತ್ತದೆ. ಆಯ ತಪ್ಪಿದಾಗ ಲಗಾಮನ್ನು ಹಗ್ಗದಂತೆ ಜಗ್ಗಿದರೆ ಕುದುರೆಗೆ ತೀವ್ರ ನೋವಾಗುತ್ತದೆ.

ವಯಸ್ಕರಲ್ಲಿ ಕಂಡುಬರುವ ಮುಖ್ಯ ತೊಡಕು

ಬೀಳುವ ಭಯವು ಮಕ್ಕಳಿಗಿಂತ ವಯಸ್ಕರಿಗೆ ಹೆಚ್ಚು. ಭಯವಾದಾಗ ಉಸಿರು ಬಿಗಿಹಿಡಿದು, ಮುಂದಕ್ಕೆ ಬಾಗಿ, ಕಾಲುಗಳಿಂದ ಕುದುರೆಯ ಪಕ್ಕೆಗಳನ್ನು ಅಮುಕುವುದು ಸಹಜ. ಆದರೆ ಪಕ್ಕೆಯನ್ನು ಅಮುಕುವುದೆಂದರೆ ಕುದುರೆಗೆ ‘ಮುಂದೆ ನಡೆ’ ಎಂಬ ಸೂಚನೆ. ಸವಾರನು ಹೆದರಿ ಅಮುಕಿದಷ್ಟೂ ಕುದುರೆಯು ವೇಗ ಹೆಚ್ಚಿಸುತ್ತದೆ. ವೇಗ ಹೆಚ್ಚಿದಷ್ಟೂ ಭಯ ಹೆಚ್ಚುತ್ತದೆ. ಅನೇಕ ಬೀಳುವಿಕೆಗಳಿಗೆ ಕುದುರೆಯ ತುಂಟತನಕ್ಕಿಂತ ಈ ತಪ್ಪು ಸೂಚನೆಯೇ ಕಾರಣ. ಆದ್ದರಿಂದ ಬೆನ್ನು ನೇರವಾಗಿರಿಸಿ, ಕಾಲು ಸಡಿಲಬಿಟ್ಟು, ಉಸಿರು ನಿಧಾನವಾಗಿ ಬಿಡುವುದೇ ಮೊದಲ ಪಾಠ.

ಕಲಿಕೆಯ ಹಂತಗಳು

1. ನೆಲದ ಮೇಲಿನ ಪಾಠ: ಮೈ ಉಜ್ಜುವುದು, ಗೊರಸು ಶುಚಿಗೊಳಿಸುವುದು, ಜೀನು ಬಿಗಿಯುವುದು, ಕುದುರೆಯನ್ನು ನಡೆಸಿಕೊಂಡು ಹೋಗುವುದು.
2. ಹಗ್ಗದ ಪಾಠ: ತರಬೇತುದಾರರು ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ವೃತ್ತಾಕಾರವಾಗಿ ನಡೆಸುತ್ತಾರೆ. ಲಗಾಮಿನ ಚಿಂತೆಯಿಲ್ಲದೆ ಸವಾರನು ಆಯ ಕಲಿಯುತ್ತಾನೆ.
3. ನಡಿಗೆ: ನಿಲ್ಲಿಸುವುದು, ತಿರುಗಿಸುವುದು.
4. ಕುಕ್ಕುಲೋಟ: ಕುದುರೆಯ ಲಯಕ್ಕೆ ತಕ್ಕಂತೆ ಜೀನಿನಿಂದ ಎದ್ದು ಕೂರುವ ಅಭ್ಯಾಸ. ವಯಸ್ಕರಿಗೆ ಈ ಹಂತದಲ್ಲಿ ತೊಡೆನೋವು ಸಾಮಾನ್ಯ.
5. ಓಟ: ಹಿಂದಿನ ಹಂತಗಳು ದೃಢಪಟ್ಟ ಮೇಲೆ ಮಾತ್ರ.

ಆರಂಭದಲ್ಲಿ ಅರ್ಧ ಗಂಟೆಯ ಪಾಠ ಸಾಕು. ಮೊದಲ ದಿನವೇ ಓಟ ಕಲಿಸುವುದಾಗಿ ಹೇಳುವ ಕಡೆ ಸೇರದಿರುವುದು ಒಳಿತು.

ಸೇರುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ಕುದುರೆಯ ಬೆನ್ನಿನ ಮೇಲೆ ಅಥವಾ ಬಾಯಿಯ ಅಂಚಿನಲ್ಲಿ ಹುಣ್ಣುಗಳಿರಬಾರದು, ಕುಂಟುತ್ತಿರಬಾರದು. ಜೀನು ಹೆಗಲ ಏಣಿನ ಮೇಲೆ ನೇರವಾಗಿ ಒತ್ತುವಂತೆ ಬಿಗಿಯುವುದನ್ನೂ, ಮುಳ್ಳಿನ ಕಡಿವಾಣ ಬಳಸುವುದನ್ನೂ ಕೇಂದ್ರ ಸರ್ಕಾರದ 1965ರ ನಿಯಮಗಳಲ್ಲಿ ನಿಷೇಧಿಸಲಾಗಿದೆ.
ಆ) ಸವಾರ ಮತ್ತು ಜೀನಿನ ಒಟ್ಟು ತೂಕವು ಕುದುರೆಯ ತೂಕದ ಐದನೇ ಒಂದು ಭಾಗವನ್ನು ಮೀರದಿರುವುದು ಲೇಸು. ಉದಾಹರಣೆಗೆ, 350 ಕಿಲೋ ತೂಕದ ಕುದುರೆಗೆ ಸುಮಾರು 70 ಕಿಲೋ.
ಇ) ಪಂದ್ಯಗಳಿಂದ ನಿವೃತ್ತವಾದ ಕುದುರೆಯು ಓಡುವುದಕ್ಕೇ ಪಳಗಿರುತ್ತದೆ. ಅದಕ್ಕೆ ಮರುತರಬೇತಿ ನೀಡಲಾಗಿದೆಯೇ ಎಂದು ಕೇಳಿ ತಿಳಿಯಬೇಕು.
ಈ) ಅಂಕಣಕ್ಕೆ ಬೇಲಿಯಿದ್ದು, ನೆಲವು ಮೆದುವಾಗಿರಬೇಕು. ಡಾಂಬರು ರಸ್ತೆಯಲ್ಲಿ ಮೊದಲ ಪಾಠ ಸಲ್ಲದು.
ಉ) ಪಾವತಿಸಿದ ಶುಲ್ಕಕ್ಕೆ ರಸೀದಿ ಪಡೆಯತಕ್ಕದ್ದು.

ಉಡುಪು

ಸವಾರಿಗೆಂದೇ ತಯಾರಾದ ಹೆಲ್ಮೆಟ್ ಧರಿಸಬೇಕು. ದ್ವಿಚಕ್ರ ವಾಹನದ ಹೆಲ್ಮೆಟ್ ಇದಕ್ಕೆ ಬದಲಿಯಲ್ಲ; ಒಮ್ಮೆ ಬಲವಾಗಿ ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಬಳಸಬಾರದು. ಪಾದರಕ್ಷೆಯು ಸಣ್ಣ ಹಿಮ್ಮಡಿಯುಳ್ಳ ಬೂಟು ಆಗಿರಬೇಕು. ರಿಕಾಪಿನಲ್ಲಿ ಪಾದದ ಮುಂಭಾಗವನ್ನು ಮಾತ್ರ ಇರಿಸತಕ್ಕದ್ದು. ಚಪ್ಪಲಿ ಧರಿಸಿದಲ್ಲಿ ಪಾದವು ಒಳಜಾರಿ ಸಿಕ್ಕಿಕೊಂಡು, ಬಿದ್ದಾಗ ಕುದುರೆಯು ಸವಾರನನ್ನು ಎಳೆದೊಯ್ಯುವ ಅಪಾಯವಿದೆ. ಸೀರೆ, ಪಂಚೆ, ಇಳಿಬಿದ್ದ ದುಪಟ್ಟಾ ಸೂಕ್ತವಲ್ಲ.

ಬಿದ್ದಾಗ

ಬೀಳುವಾಗ ಲಗಾಮನ್ನು ಬಿಟ್ಟು, ಕುದುರೆಯಿಂದ ದೂರಕ್ಕೆ ಉರುಳಬೇಕು. ತಲೆಗೆ ಅಥವಾ ಬೆನ್ನಿಗೆ ಪೆಟ್ಟಾದವರನ್ನು ಎತ್ತಿ ಕೂರಿಸಬಾರದು; ಅಲುಗಾಡಿಸದೆ 108ಕ್ಕೆ ಕರೆಮಾಡಬೇಕು. ನೋವಿಲ್ಲದಿದ್ದರೂ ತಲೆಸುತ್ತು, ವಾಂತಿ ಅಥವಾ ಮಂಪರು ಕಂಡುಬಂದಲ್ಲಿ ಅಂದೇ ಆಸ್ಪತ್ರೆಗೆ ತೋರಿಸಬೇಕು.

ಕುದುರೆಯ ಆರೋಗ್ಯ

ಗ್ಲ್ಯಾಂಡರ್ಸ್ ರೋಗವು ಕುದುರೆಯಿಂದ ಮನುಷ್ಯರಿಗೂ ಹರಡಬಲ್ಲದು. ಇದಕ್ಕೆ ಲಸಿಕೆ ಇಲ್ಲ. ಮೂಗಿನಿಂದ ದಪ್ಪ ಸಿಂಬಳ, ಚರ್ಮದ ಮೇಲೆ ಗಂಟು ಅಥವಾ ಹುಣ್ಣು ಇರುವ ಕುದುರೆಯನ್ನು ಮುಟ್ಟದೆ, ಸಮೀಪದ ಪಶುವೈದ್ಯಕೀಯ ಸಂಸ್ಥೆಗೆ ತಿಳಿಸತಕ್ಕದ್ದು. ಪಶುಗಳ ತುರ್ತು ಚಿಕಿತ್ಸೆಗಾಗಿ 1962ಕ್ಕೆ ಕರೆಮಾಡಬಹುದು. ಸ್ವಂತ ಕುದುರೆ ಕೊಳ್ಳಲು ಇಚ್ಛಿಸುವವರು ರಕ್ತಪರೀಕ್ಷೆಯ ವರದಿ ನೋಡಿಯೇ ವ್ಯವಹಾರ ಮುಗಿಸುವುದು ಕ್ಷೇಮಕರ. ಮೇವು, ಲಾಳ ಮತ್ತು ಚಿಕಿತ್ಸೆಯ ವೆಚ್ಚವು ವರ್ಷವಿಡೀ ಇರುವುದರಿಂದ, ಕುಕ್ಕುಲೋಟದ ಹಂತವನ್ನು ದಾಟುವ ಮುನ್ನ ಕುದುರೆ ಕೊಳ್ಳುವ ಆತುರ ಬೇಡ.