ಗುಳಿಗಿ ನಾಟವಲ್ದು ಎನ್ನುವ ಮುನ್ನ

ಖಿನ್ನತೆಗೆ ವರ್ಷಗಟ್ಟಲೆ ಒಂದೇ ಗುಳಿಗೆ ತೆಗೆದುಕೊಂಡು, ಮಗ್ಗ ನಡೆಸಿ, ಕಾರ್ಖಾನೆಗೆ ಕಬ್ಬು ಕಳಿಸಿ, ಮಕ್ಕಳ ಮದುವೆ ಮಾಡಿ ನೆಟ್ಟಗಿದ್ದವರಿಗೆ ಮತ್ತೆ ನಸುಕಿನ ಮೂರಕ್ಕೇ ಎಚ್ಚರವಾಗತೊಡಗುತ್ತದೆ. ಊಟ ಸೇರುವುದಿಲ್ಲ, ಬಂದವರ ಜೊತೆ ಮಾತು ಬೇಡವೆನಿಸುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಆಗ ಮನೆಯವರು ಆಡುವ ಮಾತುಗಳು ಹೆಚ್ಚುಕಡಿಮೆ ಒಂದೇ ತೆರ. ಅವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಜೀವಕ್ಕೇ ಎರವಾಗುವಂಥವು.

"ಗುಳಿಗಿ ಮೈಗೆ ಒಗ್ಗಿಹೋಗ್ಯಾವ, ಇನ್ನ ನಾಟೂದಿಲ್ಲ."

ಔಷಧ ಬಿಡದೆ ತೆಗೆದುಕೊಳ್ಳುತ್ತಿದ್ದರೂ ಖಿನ್ನತೆ ಮರುಕಳಿಸುವುದು ನಿಜ. 1998ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಬೇರೆ ಬೇರೆ ಅಧ್ಯಯನಗಳಲ್ಲಿ ಹೀಗಾದವರ ಪ್ರಮಾಣ ಶೇ 9ರಿಂದ 33ರಷ್ಟಿದೆ ಎಂದಿತ್ತು. ಆದರೆ ಮೆದುಳು ಔಷಧಕ್ಕೆ ಒಗ್ಗಿಹೋಯಿತು ಎನ್ನುವುದು ಹಲವು ಊಹೆಗಳಲ್ಲಿ ಒಂದು ಮಾತ್ರ, ಅದಕ್ಕೆ ಗಟ್ಟಿ ಪುರಾವೆ ಇನ್ನೂ ಸಿಕ್ಕಿಲ್ಲ. ಖಿನ್ನತೆಯೇ ಹೋಗಿ ಬರುವ ಸ್ವಭಾವದ ಕಾಯಿಲೆ. 2021ರಲ್ಲಿ ಬ್ರಿಟನ್ನಿನಲ್ಲಿ, ದೀರ್ಘಕಾಲ ಔಷಧ ತೆಗೆದುಕೊಂಡು ಗುಣವಾಗಿದ್ದ 478 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಔಷಧ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಶೇ 39 ಜನರಿಗೆ ಕಾಯಿಲೆ ಮರಳಿತು, ನಿಲ್ಲಿಸಿದವರಲ್ಲಿ ಶೇ 56 ಜನರಿಗೆ. ಗುಳಿಗೆ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಒಮ್ಮೆ ಮರುಕಳಿಸಿದ ಮಾತ್ರಕ್ಕೆ ಔಷಧ ಸತ್ತುಹೋಯಿತು ಎಂದಲ್ಲ.

ಇಲ್ಲಿ ನಮ್ಮ ದೇಶಕ್ಕೇ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿ ಇದೆ, ಇದನ್ನು ಪ್ರತಿ ಮನೆಯೂ ತಿಳಿದಿರಬೇಕು. ಖಿನ್ನತೆಯ ಔಷಧ ಎಸಿಟಲೋಪ್ರಾಮ್ ಮತ್ತು ಆತಂಕ ತಗ್ಗಿಸಿ ನಿದ್ದೆ ತರಿಸುವ ಕ್ಲೊನಜೆಪಾಮ್, ಎರಡೂ ಸೇರಿದ ಒಂದೇ ಗುಳಿಗೆ ಭಾರತದಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಈ ಎರಡರಲ್ಲಿ ಮೈಗೆ ನಿಜವಾಗಿ ಒಗ್ಗಿಹೋಗುವುದು ಕ್ಲೊನಜೆಪಾಮ್. ಮೊದಲ ವಾರವೇ ಬಂದ ಸುಖನಿದ್ದೆ ತಿಂಗಳುಗಳು ಕಳೆದಂತೆ ತೆಳುವಾಗುತ್ತದೆ. ಆಗ ನಿದ್ದೆ ಹೋದ ಲೆಕ್ಕವನ್ನು ಇಡೀ ಗುಳಿಗೆಯ ಮೇಲೆ ಹಾಕಿ, ಖಿನ್ನತೆಯ ಔಷಧವೇ ಕೈಕೊಟ್ಟಿತು ಎಂದುಕೊಳ್ಳುವವರು ಬಹಳ. ಚಟ ಹತ್ತುತ್ತದೆ ಎಂಬ ಹೆದರಿಕೆಯೂ ಕ್ಲೊನಜೆಪಾಮ್‌ಗೆ ಸಲ್ಲಬೇಕಾದದ್ದು. ಅದನ್ನೂ ತಟ್ಟನೆ ನಿಲ್ಲಿಸಬಾರದು, ನಿಲ್ಲಿಸಿದರೆ ಫಿಟ್ಸ್ ಬರಬಹುದು. ನಿಮ್ಮ ಗುಳಿಗೆಯಲ್ಲಿ ಏನೇನಿದೆ, ಎಷ್ಟೆಷ್ಟು ಮಿಲಿಗ್ರಾಂ ಇದೆ ಎಂದು ಚೀಟಿ ಹಿಡಿದು ಕೇಳಿಕೊಳ್ಳಿ. ಔಷಧದಂಗಡಿಯಲ್ಲಿ ಹತ್ತರ ಬದಲು ಐದು ಮಿಲಿಗ್ರಾಂನದು ಬಂದು, ತಿಂಗಳಾದರೂ ಯಾರೂ ಗಮನಿಸದೇ ಇರಬಹುದು.

ಇನ್ನು ದೇಹದ ಬೇರೆ ಕಾಯಿಲೆಗಳು. ಥೈರಾಯ್ಡ್ ಕುಂದಿದರೆ ಮನಸ್ಸು ಹೆಪ್ಪುಗಟ್ಟಿದಂತಾಗುತ್ತದೆ, ಒಂದು ರಕ್ತಪರೀಕ್ಷೆ ಸಾಕು ಪತ್ತೆಗೆ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯಬಹುದು, ಶುದ್ಧ ಶಾಕಾಹಾರದ ಮನೆಗಳಲ್ಲಿ ಮೊದಲೇ ಅದು ಕಡಿಮೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಮತ್ತು ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಯಕೃತ್ತಿನ ಕೆಲಸ ಚುರುಕು ಮಾಡಿ ಖಿನ್ನತೆಯ ಹಲವು ಔಷಧಗಳನ್ನು ಬೇಗ ಕರಗಿಸಿಬಿಡುತ್ತವೆ. ಹಾಗೆಂದು ಟಿಬಿ ಗುಳಿಗೆ ಬಿಡುವಂತಿಲ್ಲ, ಟಿಬಿ ವೈದ್ಯರಿಗೂ ಮನೋವೈದ್ಯರಿಗೂ ಎರಡೂ ಚೀಟಿ ತೋರಿಸಬೇಕು. ಕುಡಿತದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಅದು ನೇರವಾಗಿ ಖಿನ್ನತೆಯನ್ನೇ ಬೆಳೆಸುತ್ತದೆ.

"ನಾಟವಲ್ದು ಅಂದ್ಮ್ಯಾಲ ಯಾಕ ನುಂಗೂದು? ಬಿಟ್ಟಬಿಡ್ರಿ."

ಹೀಗೆ ಬಿಟ್ಟವರಿಗೆ ಎರಡು-ನಾಲ್ಕು ದಿನಗಳಲ್ಲೇ ತಲೆ ತಿರುಗುವುದು, ವಾಕರಿಕೆ, ಸಿಟ್ಟು, ಕೆಟ್ಟ ಕನಸು, ತಲೆಯೊಳಗೆ ಕರೆಂಟು ಹರಿದಂಥ ಝುಮ್ಮೆನ್ನುವಿಕೆ ಶುರುವಾಗಬಹುದು. ಪ್ಯಾರಾಕ್ಸಿಟಿನ್, ವೆನ್‌ಲಾಫ್ಯಾಕ್ಸಿನ್‌ನಂಥವುಗಳಲ್ಲಿ ಇದು ಹೆಚ್ಚು. ಮೈಯಲ್ಲಿ ಬಹಳ ದಿನ ಉಳಿಯುವ ಫ್ಲೂಆಕ್ಸೆಟಿನ್‌ನಲ್ಲಿ ಕಡಿಮೆ. ಮರಳಿದ ಖಿನ್ನತೆ ಸಾಮಾನ್ಯವಾಗಿ ವಾರಗಳ ಮೇಲೆ ನಿಧಾನವಾಗಿ ಕವಿಯುತ್ತದೆ. ಔಷಧ ತಟ್ಟನೆ ನಿಂತದ್ದರ ತೊಂದರೆ ದಿನಗಳಲ್ಲೇ ಕಾಣುತ್ತದೆ, ಮತ್ತೆ ಶುರು ಮಾಡಿದರೆ ಬೇಗ ಇಳಿಯುತ್ತದೆ. ಈ ವ್ಯತ್ಯಾಸ ತಿಳಿಯದೆ, ಜಡ್ಡು ದುಪ್ಪಟ್ಟಾಯಿತು ಎಂದು ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಬಿಡುವುದೇ ಸರಿಯೆಂದು ತೀರ್ಮಾನವಾದರೂ ಅದು ವಾರ, ತಿಂಗಳುಗಳ ಕೆಲಸ. ಪ್ರಮಾಣ ಸಣ್ಣದಾದಷ್ಟೂ ಇಳಿಸುವ ಹೆಜ್ಜೆಯೂ ಸಣ್ಣದಾಗಬೇಕು.

"ಹಂಗಾರ ಒಂದರ ಬದ್ಲಿ ಎರಡ ನುಂಗು."

ಪ್ರಮಾಣ ಹೆಚ್ಚಿಸುವುದು ಕೆಲವೊಮ್ಮೆ ವೈದ್ಯರದೂ ಮೊದಲ ಹೆಜ್ಜೆಯೇ. ಆದರೆ "ಅಳೂನೂ ಬರೂದಿಲ್ಲ, ನಗೂನೂ ಬರೂದಿಲ್ಲ, ಮೊಮ್ಮಗನ್ನ ಎತ್ತಿಕೊಂಡರೂ ಏನೂ ಅನಸೂದಿಲ್ಲ" ಎನ್ನುವವರ ತೊಂದರೆ ಔಷಧ ಸಾಲದ್ದಲ್ಲ, ಔಷಧದ್ದೇ ಅಡ್ಡಪರಿಣಾಮ ಇರಬಹುದು. ಅಂಥವರಿಗೆ ಬೇಕಾದದ್ದು ಪ್ರಮಾಣ ಇಳಿಸುವುದು ಅಥವಾ ಔಷಧ ಬದಲಿಸುವುದು. ಮತ್ತೆ ಕೆಲವರ ಕಾಯಿಲೆ ಬರೀ ಖಿನ್ನತೆಯಾಗಿರುವುದಿಲ್ಲ. ಹಿಂದೆಂದೋ ಕೆಲವು ದಿನ ನಿದ್ದೆಯೇ ಬೇಡವೆನಿಸಿ, ಮಿತಿಮೀರಿ ಮಾತಾಡಿ, ಕಂಡಾಪಟ್ಟೆ ಖರ್ಚು ಮಾಡಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಅದು ಬೈಪೋಲಾರ್ ಕಾಯಿಲೆಯಾಗಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ದಿನವಿಡೀ ಮಗ್ಗದ ಮುಂದೆ ದುಡಿದು ಬೆನ್ನುನೋವಿಗೆ ಟ್ರಮಡಾಲ್ ನುಂಗುವವರು ಇನ್ನೂ ಎಚ್ಚರದಿಂದಿರಬೇಕು. ಖಿನ್ನತೆಯ ಔಷಧದೊಡನೆ ಅದು ಸೇರಿದರೆ ಮೈನಡುಕ, ಜ್ವರ, ಗೊಂದಲ ಬಂದು ಆಸ್ಪತ್ರೆಗೆ ಓಡಬೇಕಾದೀತು.

"ಇದು ಜಡ್ಡಲ್ಲ, ಚಿಂತಿ. ಚಿಂತಿಗೆ ಗುಳಿಗಿ ಏನ ಮಾಡ್ತೈತಿ?"

ಈ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಜಮಖಂಡಿ, ಮುಧೋಳ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿದವು. ಆಲಮಟ್ಟಿ ಹಿನ್ನೀರಿಗೆ ಹೊಲಮನೆ ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಬೀಳಗಿ ಕಡೆಯ ಕುಟುಂಬಗಳಿವೆ. ಸೀರೆಗೆ ಗಿರಾಕಿ ಇಲ್ಲದೆ ಮಗ್ಗ ನಿಂತರೆ, ಕಬ್ಬಿನ ಬಿಲ್ಲು ಬಾರದಿದ್ದರೆ ಯಾವ ಗುಳಿಗೆಯೂ ಸಾಲ ತೀರಿಸುವುದಿಲ್ಲ. ಹಳೆಯ ಔಷಧದ ಮೇಲೆ ಸಮನಾಗಿದ್ದವರೂ ಇಂಥ ಹೊಡೆತಕ್ಕೆ ಮತ್ತೆ ಬೀಳುತ್ತಾರೆ. ಅದಕ್ಕೇ "ಗುಳಿಗೆ ತಗೋತಾ ಇದ್ದೀರಾ?" ಎಂದು ಕೇಳಿ ಸುಮ್ಮನಾಗುವ ವೈದ್ಯರು ಅರ್ಧ ಕೆಲಸ ಮಾಡಿದಂತೆ. ಮನೆಯಲ್ಲೇನು ನಡೆದಿದೆ ಎಂದೂ ಕೇಳಬೇಕು. ಕ್ರಮಬದ್ಧ ಆಪ್ತಸಮಾಲೋಚನೆ ಖಿನ್ನತೆಗೆ ನಿಜವಾದ ಚಿಕಿತ್ಸೆ, ಔಷಧದ ಜೊತೆ ಸೇರಿದರೆ ಗುಣ ಹೆಚ್ಚು. ಆದರೆ ಕಾರಣ ಹೊರಗಿದೆ ಎಂಬ ಮಾತ್ರಕ್ಕೆ ಒಳಗಿನ ಜಡ್ಡು ಸುಳ್ಳಾಗುವುದಿಲ್ಲ.

"ಇನ್ನ ಕರೆಂಟ್ ಕೊಡೂದೊಂದ ಉಳದೈತಿ."

ನಡುವೆ ಎಷ್ಟೋ ದಾರಿಗಳಿವೆ. ಅಮೆರಿಕದ ಸ್ಟಾರ್-ಡಿ ಅಧ್ಯಯನದಲ್ಲಿ (2006) ಸುಮಾರು ಮೂರರಲ್ಲೊಬ್ಬರು ಮೊದಲ ಔಷಧದಿಂದ ಪೂರ್ತಿ ಚೇತರಿಸಿಕೊಂಡರು. ಉಳಿದು ಎರಡನೆಯ ಹಂತಕ್ಕೆ ಹೋದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೂರು, ನಾಲ್ಕನೆಯ ಹಂತದಲ್ಲಿ ಈ ಪ್ರಮಾಣ ಇಳಿಯಿತು. ಈ ಅಂಕಿಗಳೇ ಹೆಚ್ಚಾದವು ಎಂದು ಆಮೇಲೆ ಮರುಲೆಕ್ಕ ಹಾಕಿದವರೂ ಇದ್ದಾರೆ. ಆದರೂ ಔಷಧ ಬದಲಿಸುವುದು, ಲಿಥಿಯಂನಂಥ ಇನ್ನೊಂದನ್ನು ಜೋಡಿಸುವುದು, ಸಮಾಲೋಚನೆ ಸೇರಿಸುವುದು ಇವೆಲ್ಲ ಬಳಕೆಯಲ್ಲಿರುವ ಕ್ರಮಗಳು. ಹೊಸ ಔಷಧದ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಇನ್ನು ಕರೆಂಟ್ ಚಿಕಿತ್ಸೆ ಸಿನಿಮಾದಲ್ಲಿ ತೋರಿಸುವಂಥ ಹಿಂಸೆಯಲ್ಲ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಕೊಡದೆ ಅದನ್ನು ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಕೆಲಕಾಲ ಮರೆವು ಬರಬಹುದು, ಆದರೆ ಊಟ-ನೀರು ಬಿಟ್ಟು ಹಾಸಿಗೆ ಹಿಡಿದ ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುತ್ತದೆ.

ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಇಡುವ ವ್ಯವಸ್ಥೆ ರಾಜ್ಯದಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನ ಬರುತ್ತಾರೆಂದು ಮೊದಲೇ ಕೇಳಿಕೊಂಡು ಹೋಗಿ. ದೊಡ್ಡ ಆಸ್ಪತ್ರೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ. ಎಲ್ಲ ಗುಳಿಗೆಗಳ ಪಟ್ಟಿ, ತಪ್ಪಿಸಿದ ದಿನಗಳ ಲೆಕ್ಕ ಸಮೇತ ಹೋಗಿ, ಮುಚ್ಚಿಡಬೇಡಿ. ಸಾಯುವ ಮಾತು ಬಾಯಿಗೆ ಬಂದರೆ ಮಂಗಳವಾರದ ತನಕ ಕಾಯಬೇಡಿ. ಟೆಲಿ ಮನಸ್ ಸಂಖ್ಯೆ 14416, ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹೊಲಕ್ಕೆ ತಂದ ಕೀಟನಾಶಕ ಎಣ್ಣೆಯ ಡಬ್ಬಿಗಳನ್ನು ಅಂದೇ ಮನೆಯಿಂದ ಆಚೆ ಸಾಗಿಸಿ, ಅವರನ್ನು ಒಬ್ಬರನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.