ನಿಮಗಿದು ಗೊತ್ತೆ? ಎರಡು ಗೆರೆ ಮೂಡಿದ ಮೇಲೆ ಉಳಿಯುವುದು ಎರಡೇ ವಾರ!

ಗರ್ಭ ನಿಂತ 28ನೇ ದಿನದ ಹೊತ್ತಿಗೆ ಮಗುವಿನ ಮಿದುಳು, ಬೆನ್ನುಹುರಿಯಾಗುವ ನರಕೊಳವೆ ಪೂರ್ತಿ ಮುಚ್ಚಿಕೊಂಡಿರುತ್ತದೆ. ಆಗ ಭ್ರೂಣದ ಉದ್ದ ಸುಮಾರು 4 ಮಿಲಿಮೀಟರ್, ಎಳ್ಳುಕಾಳಿಗಿಂತ ತುಸು ದೊಡ್ಡದು ಅಷ್ಟೇ. ಮುಟ್ಟು ತಪ್ಪಿದ ದಿನವೇ ಗರ್ಭ ಪರೀಕ್ಷೆ ಮಾಡಿಕೊಂಡು ಎರಡು ಗೆರೆ ಕಂಡರೂ ಈ ಕೆಲಸ ಮುಗಿಯಲು ಉಳಿದಿರುವುದು ಹೆಚ್ಚುಕಡಿಮೆ ಎರಡು ವಾರ!

ಕೊಳವೆ ಸರಿಯಾಗಿ ಮುಚ್ಚದಿದ್ದರೆ ಮಗುವಿನ ಮಿದುಳು ಅಥವಾ ಬೆನ್ನುಹುರಿಯಲ್ಲಿ ಹುಟ್ಟಿನಿಂದಲೇ ದೋಷ ಉಳಿಯುತ್ತದೆ. ಆ ಅಪಾಯವನ್ನು ಬಹಳಷ್ಟು ತಗ್ಗಿಸುವುದು ಫೋಲಿಕ್ ಆಸಿಡ್ ಎಂಬ ಪುಟ್ಟ ಮಾತ್ರೆ. ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಮಗು ಬೇಕೆಂದುಕೊಂಡಾಗಲೇ, ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳಾದರೂ ಮೊದಲು ಶುರು ಮಾಡುವುದು ಒಳ್ಳೆಯದು. ಮಾಡಿಲ್ಲವೇ? ಗಾಬರಿ ಬೇಡ, ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ ಇಂದೇ ಆರಂಭಿಸಿ. ಮೊದಲ ಮೂರು ತಿಂಗಳು ತಪ್ಪಿಸಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಮೂರ್ಛೆರೋಗದ ಔಷಧಿ ತೆಗೆದುಕೊಳ್ಳುವವರಿಗೆ, ಹಿಂದೆ ಇಂಥ ದೋಷವಿದ್ದ ಮಗು ಹೆತ್ತವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಹೇಳಬೇಕು. ನಡೆಯುತ್ತಿರುವ ಔಷಧಿಯನ್ನು ತಾವಾಗಿಯೇ ನಿಲ್ಲಿಸುವುದಂತೂ ಕೂಡದು.

ಮಾತ್ರೆಯಲ್ಲಿರುವ ಈ ಪೋಷಕಾಂಶ ಸಹಜ ರೂಪದಲ್ಲಿ ಸೊಪ್ಪು, ಹೆಸರುಕಾಳು, ಕಡಲೆಕಾಳಿನಲ್ಲೂ ಇದೆ. ಊಟವೊಂದನ್ನೇ ನಂಬಿ ಮಾತ್ರೆ ಬಿಡುವಂತಿಲ್ಲ, ನಿಜ. ಆದರೆ ಊಟದಲ್ಲಿರುವುದನ್ನು ವ್ಯರ್ಥ ಮಾಡುವುದೂ ಬೇಡ, ಇದು ನೀರಿನಲ್ಲಿ ಕರಗುವಂಥದ್ದು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಒಂದಷ್ಟು ಅದರ ಜೊತೆಗೇ ಹೋಗುತ್ತದೆ. ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ಮನೆಗಳಲ್ಲಿ ಅದರಲ್ಲೊಂದು ಪಾಲು ತಟ್ಟೆಗೇ ಬರುತ್ತದೆ.